ಎಚ್‌ಡಿ ಕ್ಯಾಮ್‌ಕಾರ್ಡರ್ ದೃಶ್ಯಗಳನ್ನು ಗುಣಮಟ್ಟ ಕೆಡದಂತೆ ಡಿಸ್ಕ್‌ಗೆ ಬರೆಯುವ ಕ್ರಮ

ಕ್ಯಾಮ್‌ಕಾರ್ಡರನ್ನು ಎಚ್‌ಡಿಎಂಐ ಕೇಬಲಿನಿಂದ ನೇರವಾಗಿ ಟಿವಿಗೆ ಜೋಡಿಸಿದಾಗ ಸ್ಫುಟವಾಗಿ ಕಾಣುತ್ತಿದ್ದ ದೃಶ್ಯ, ಎಡಿಟ್ ಮಾಡಿ ಡಿಸ್ಕ್‌ಗೆ ಹಾಕಿದ ಮೇಲೆ ಮಂಕಾಗಿ ಕಾಣುತ್ತದೆ ಎಂಬುದು ಬಹಳ ಜನರ ದೂರು. ಇದಕ್ಕೆ ಅಗ್ಗದ ಡಿಸ್ಕ್ ಕಾರಣವೆಂದು ಕೆಲವರು, ಹಳೆಯ ರೈಟರ್ ಕಾರಣವೆಂದು ಇನ್ನು ಕೆಲವರು ಹೇಳುವುದುಂಟು. ಆದರೆ ರೈಟರ್ ಮಾಡುವುದು ಕಡತದಲ್ಲಿರುವ ಬಿಟ್‌ಗಳನ್ನು ಇದ್ದ ಹಾಗೆಯೇ ನಕಲು ಮಾಡುವ ಕೆಲಸವನ್ನಷ್ಟೇ. ಡಿಸ್ಕ್ ಕೆಟ್ಟದ್ದಾದರೆ ಚಿತ್ರ ನಿಲ್ಲುತ್ತದೆ, ಚೌಕಚೌಕವಾಗಿ ಒಡೆಯುತ್ತದೆ, ಮಂಕಾಗುವುದಿಲ್ಲ. ಮಂಕಾಗಿದ್ದರೆ ಅದು ಬರ್ನ್ ಮಾಡುವ ಮೊದಲೇ, ಅಂದರೆ ಎಡಿಟಿಂಗ್ ತಂತ್ರಾಂಶದಿಂದ ಹೊರತೆಗೆಯುವಾಗ ಚಿತ್ರವನ್ನು ಇನ್ನೊಮ್ಮೆ ಸಂಕುಚಿಸಿದ್ದರಿಂದ ಆಗಿರುತ್ತದೆ. ಹೀಗಾಗಿ ಮುಂದಿನ ಎಲ್ಲ ಹಂತಗಳಲ್ಲಿಯೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ಚಿತ್ರ ಮತ್ತೆ ಎನ್‌ಕೋಡ್ ಆಗುತ್ತಿದೆಯೇ, ಅಂದರೆ ಹೊಸದಾಗಿ ಸಂಕುಚಿತವಾಗುತ್ತಿದೆಯೇ, ಆಗುತ್ತಿದ್ದರೆ ಅದು ಅನಿವಾರ್ಯವೇ?

ವಿವರಣೆಗಾಗಿ ಒಂದು ನಿರ್ದಿಷ್ಟ ಉದಾಹರಣೆಯನ್ನು ಇಟ್ಟುಕೊಳ್ಳೋಣ. ಸುಮಾರು ಮೂರು ಗಂಟೆಯ ಕಾಲಮಿತಿ ಯಕ್ಷಗಾನವೊಂದನ್ನು ಎವಿಸಿಎಚ್‌ಡಿ ಕ್ಯಾಮ್‌ಕಾರ್ಡರಿನಲ್ಲಿ 1920×1080 ಅಳತೆಯಲ್ಲಿ, ಸೆಕೆಂಡಿಗೆ 50 ಫೀಲ್ಡ್‌ಗಳ ಇಂಟರ್‌ಲೇಸ್ ವಿಧಾನದಲ್ಲಿ (ಚಿತ್ರದ ಬೆಸ ಗೆರೆಗಳು ಒಮ್ಮೆ, ಸಮ ಗೆರೆಗಳು ಮತ್ತೊಮ್ಮೆ; ಇಂಥ ಅರ್ಧ ಚಿತ್ರವೇ ಫೀಲ್ಡ್) ಚಿತ್ರೀಕರಿಸಲಾಗಿದೆ. ಭಾರತದಲ್ಲಿ ಮಾರಾಟವಾದ ಕ್ಯಾಮ್‌ಕಾರ್ಡರುಗಳಲ್ಲಿ ಇದು ಸಾಮಾನ್ಯ ವಿಧಾನ. ವೇಗದ ಕುಣಿತ, ಹೊಳೆಯುವ ಕಿರೀಟ, ಕತ್ತಲ ಹಿನ್ನೆಲೆ, ಏರುದನಿಯ ಚೆಂಡೆ ಇವೆಲ್ಲ ಒಟ್ಟಾಗಿ ಇರುವ ಇಂಥ ದೃಶ್ಯದಲ್ಲಿ ಎನ್‌ಕೋಡಿಂಗ್‌ನ ಪ್ರತಿಯೊಂದು ದೋಷವೂ ಎದ್ದು ಕಾಣುತ್ತದೆ.

ಮೊದಲ ಹಂತ: ಕೈಯಲ್ಲಿರುವ ದೃಶ್ಯ ಯಾವ ಬಗೆಯದೆಂದು ತಿಳಿಯುವುದು

ಸೋನಿ ಮತ್ತು ಪ್ಯಾನಸೋನಿಕ್ ಸಂಸ್ಥೆಗಳು 2006ರಲ್ಲಿ ಹೊರತಂದ ಎವಿಸಿಎಚ್‌ಡಿ ವಿಧಾನದಲ್ಲಿ ಚಿತ್ರವು ಎಚ್.264 ಎಂಬ ಸಂಕೋಚನ ವಿಧಾನದಲ್ಲಿ, ಧ್ವನಿಯು ಹೆಚ್ಚಾಗಿ ಡಾಲ್ಬಿ ಡಿಜಿಟಲ್ ಆಗಿ ಎಂಟಿಎಸ್ ಕಡತಗಳಲ್ಲಿ ಕುಳಿತಿರುತ್ತದೆ. ಬ್ಲೂ-ರೇ ಡಿಸ್ಕ್ ಕೂಡ ಇದೇ ಎಚ್.264 ಮತ್ತು ಡಾಲ್ಬಿ ಡಿಜಿಟಲನ್ನು ಒಪ್ಪುವುದರಿಂದ, ಕ್ಯಾಮೆರಾದ ಕಡತವನ್ನು ಮತ್ತೆ ಸಂಕುಚಿಸದೆಯೇ ಡಿಸ್ಕ್‌ಗೆ ಸಾಗಿಸುವ ದಾರಿ ಮೊದಲಿನಿಂದಲೇ ತೆರೆದಿದೆ. ಅದಕ್ಕಿಂತ ಹಿಂದಿನ ಎಚ್‌ಡಿವಿ ಟೇಪ್ ಕ್ಯಾಮೆರಾಗಳಲ್ಲಿ ಚಿತ್ರವು 1440×1080ರ ಎಂಪೆಗ್-2 ಆಗಿ, ಸೆಕೆಂಡಿಗೆ 25 ಮೆಗಾಬಿಟ್ ದರದಲ್ಲಿರುತ್ತದೆ. ಅದರ ಎಂಪೆಗ್-1 ಲೇಯರ್ 2 ಧ್ವನಿಯನ್ನು ಮಾತ್ರ ಬ್ಲೂ-ರೇ ಒಪ್ಪದ ಕಾರಣ ಧ್ವನಿಯನ್ನಷ್ಟೇ ಪರಿವರ್ತಿಸಬೇಕಾಗುತ್ತದೆ.

ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಒಂದು ಕಡತವನ್ನು ತೆರೆದು ಅಳತೆ, ಫ್ರೇಮ್ ದರ, ಇಂಟರ್‌ಲೇಸ್ ಅಥವಾ (ಪ್ರತಿ ಸಲವೂ ಪೂರ್ಣ ಫ್ರೇಮಿರುವ) ಪ್ರೋಗ್ರೆಸಿವ್, ಫೀಲ್ಡ್‌ಗಳ ಕ್ರಮ, ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಬಿಟ್ ಎಂಬ ದರ) ಮತ್ತು ಧ್ವನಿಯ ಬಗೆ ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಮುಂದೆ ಎಡಿಟಿಂಗ್ ತಂತ್ರಾಂಶ ಕೇಳುವ ಬಹುಪಾಲು ಪ್ರಶ್ನೆಗಳಿಗೆ ಉತ್ತರ ಈ ಚೀಟಿಯಲ್ಲಿಯೇ ಸಿಗುತ್ತದೆ.

ಒಂದು ತೊಡಕನ್ನು ಇಲ್ಲಿಯೇ ಹೇಳಿಬಿಡಬೇಕು. 2011ರಲ್ಲಿ ಬಂದ ಎವಿಸಿಎಚ್‌ಡಿಯ ಎರಡನೇ ಆವೃತ್ತಿಯು ಸೆಕೆಂಡಿಗೆ 50 ಪೂರ್ಣ ಫ್ರೇಮ್‌ಗಳ 1080 ಪ್ರೋಗ್ರೆಸಿವ್ ಚಿತ್ರವನ್ನು 28 ಮೆಗಾಬಿಟ್ ದರದವರೆಗೆ ದಾಖಲಿಸುತ್ತದೆ. ಸಾಮಾನ್ಯ ಬ್ಲೂ-ರೇ ನಿಯಮಗಳಲ್ಲಿ ಈ ಬಗೆಗೆ ಸ್ಥಾನವಿಲ್ಲ. ಆದ್ದರಿಂದ ಡಿಸ್ಕನ್ನೇ ಗುರಿಯಾಗಿಟ್ಟುಕೊಂಡು ಚಿತ್ರೀಕರಿಸುವವರು ಕ್ಯಾಮೆರಾದಲ್ಲಿ 50 ಇಂಟರ್‌ಲೇಸನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಈಗಾಗಲೇ ಪ್ರೋಗ್ರೆಸಿವ್‌ನಲ್ಲಿ ಚಿತ್ರೀಕರಿಸಿದ್ದರೆ 1080 ಇಂಟರ್‌ಲೇಸ್‌ಗೆ ಅಥವಾ 720ರ 50 ಪ್ರೋಗ್ರೆಸಿವ್‌ಗೆ ಒಮ್ಮೆ ಎನ್‌ಕೋಡ್ ಮಾಡದೆ ಬೇರೆ ದಾರಿಯಿಲ್ಲ. ಇನ್ನು ಸೆಕೆಂಡಿಗೆ 25 ಪೂರ್ಣ ಫ್ರೇಮ್‌ಗಳ ದೃಶ್ಯವಿದ್ದರೆ ಗಾಬರಿ ಬೇಡ. ಅದನ್ನು 50 ಇಂಟರ್‌ಲೇಸ್ ಎಂಬ ಗುರುತಿನೊಂದಿಗೆ ಡಿಸ್ಕ್‌ನಲ್ಲಿ ಇಡಲಾಗುತ್ತದೆ. ಒಂದೇ ಫ್ರೇಮನ್ನು ಎರಡು ಫೀಲ್ಡ್‌ಗಳಾಗಿ ಸಾಗಿಸುವುದರಿಂದ ಚಿತ್ರದಲ್ಲಿ ಏನೂ ಕಳೆದುಹೋಗುವುದಿಲ್ಲ.

ಎರಡನೇ ಹಂತ: ಕಾರ್ಡ್‌ನಿಂದ ಸರಿಯಾಗಿ ಇಳಿಸಿಕೊಳ್ಳುವುದು

ಕಾರ್ಡ್‌ನೊಳಗಿನ ಸ್ಟ್ರೀಮ್ ಫೋಲ್ಡರಿನಿಂದ ಎಂಟಿಎಸ್ ಕಡತಗಳನ್ನು ಮಾತ್ರ ಎಳೆದುಕೊಳ್ಳುವ ಅಭ್ಯಾಸ ಬಹಳ ಜನರಲ್ಲಿದೆ. ಅದರ ಬದಲು ಪ್ರೈವೇಟ್ ಎಂಬ ಹೆಸರಿನ ಮೇಲ್ಮಟ್ಟದ ಫೋಲ್ಡರನ್ನು ಇಡಿಯಾಗಿ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಬೇಕು. ಉದ್ದನೆಯ ಚಿತ್ರೀಕರಣವನ್ನು ಕ್ಯಾಮೆರಾ ಒಂದೇ ಕಡತದಲ್ಲಿ ಇಡುವುದಿಲ್ಲ. ಕಾರ್ಡ್‌ನ ಫ್ಯಾಟ್32 ವ್ಯವಸ್ಥೆಯಲ್ಲಿ ಒಂದು ಕಡತ 4 ಜಿಬಿಯನ್ನು ಮೀರುವಂತಿಲ್ಲವಾದ್ದರಿಂದ ಅದು ಚಿತ್ರವನ್ನು ತುಂಡುತುಂಡಾಗಿ ಉಳಿಸುತ್ತಾ ಹೋಗುತ್ತದೆ. ಯಾವ ತುಂಡಿನ ನಂತರ ಯಾವುದು ಎಂಬ ಮಾಹಿತಿ ಅಕ್ಕಪಕ್ಕದ ಪ್ಲೇಲಿಸ್ಟ್ ಮತ್ತು ಕ್ಲಿಪ್‌ಇನ್ಫ್ ಫೋಲ್ಡರುಗಳಲ್ಲಿರುತ್ತದೆ. ಈ ತುಂಡುಗಳನ್ನು ಎಡಿಟಿಂಗ್ ತಂತ್ರಾಂಶದಲ್ಲಿ ಒಂದರ ಪಕ್ಕ ಒಂದು ಇಟ್ಟರೆ ಕೂಡುವ ಜಾಗದಲ್ಲಿ ಧ್ವನಿ ಕ್ಷಣಕಾಲ ಕಡಿಯುವ ಸಾಧ್ಯತೆಯಿದೆ. ಮಾತಿನ ನಡುವೆ ಅದು ಗಮನಕ್ಕೆ ಬಾರದಿರಬಹುದು, ಭಾಗವತರ ಆಲಾಪನೆಯ ನಡುವೆ ಮಾತ್ರ ಖಂಡಿತ ಕೇಳಿಸುತ್ತದೆ. ಕ್ಯಾಮೆರಾದೊಂದಿಗೆ ಬಂದ ತಂತ್ರಾಂಶದ ಮೂಲಕ ಇಳಿಸಿಕೊಂಡರೆ, ಅಥವಾ ಟಿಎಸ್‌ಮಕ್ಸರ್ ಎಂಬ ತಂತ್ರಾಂಶದಲ್ಲಿ ಎರಡನೆಯ ತುಂಡನ್ನು ಹೊಸ ಟ್ರ್ಯಾಕಾಗಿ ಅಲ್ಲದೆ ಮೊದಲನೆಯದಕ್ಕೆ ಜೋಡಿಸುವಂತೆ ಸೇರಿಸಿದರೆ, ತುಂಡುಗಳು ಎನ್‌ಕೋಡ್ ಆಗದೆಯೇ ಬೆಸೆದುಕೊಳ್ಳುತ್ತವೆ.

ಮೂರನೇ ಹಂತ: ಯಾವ ಡಿಸ್ಕ್, ಎಷ್ಟು ಜಾಗ

ಎಡಿಟಿಂಗ್ ಆರಂಭಿಸುವ ಮೊದಲೇ ಡಿಸ್ಕನ್ನು ನಿರ್ಧರಿಸಬೇಕು. ಸಾಮಾನ್ಯ ಡಿವಿಡಿ-ವಿಡಿಯೋದ ಚಿತ್ರ ನಮ್ಮಲ್ಲಿ 720×576 ಅಳತೆಯದು, ಅಂದರೆ 1920×1080ರಲ್ಲಿರುವ ಚುಕ್ಕೆಗಳಲ್ಲಿ ಸರಿಯಾಗಿ ಐದನೇ ಒಂದು ಭಾಗ. ಯಾವ ತಂತ್ರಾಂಶ ಬಳಸಿದರೂ ಉಳಿದ ನಾಲ್ಕು ಭಾಗ ಅಲ್ಲಿ ಹೋಗಿಯೇ ಹೋಗುತ್ತದೆ. ‘ಎಚ್‌ಡಿ ಗುಣಮಟ್ಟದ ಡಿವಿಡಿ ಮಾಡಿಕೊಡುತ್ತೇವೆ’ ಎಂದು ಯಾರಾದರೂ ಹೇಳಿದರೆ, ಅವರು ಡಿವಿಡಿ-ವಿಡಿಯೋದ ಬಗ್ಗೆ ಹೇಳುತ್ತಿದ್ದಾರೆಯೋ ಅಥವಾ ಡಿವಿಡಿಯ ಮೇಲೆ ಬರೆದ ಎವಿಸಿಎಚ್‌ಡಿಯ ಬಗ್ಗೆ ಹೇಳುತ್ತಿದ್ದಾರೆಯೋ ಎಂದು ಕೇಳುವುದು ಅಗತ್ಯ.

ಈ ಎರಡನೆಯದು ಕಡಿಮೆ ಖರ್ಚಿನ ಒಳ್ಳೆಯ ಉಪಾಯ. ಖಾಲಿ ಡಿವಿಡಿ-ಆರ್ ಮೇಲೆ ಎಚ್‌ಡಿ ಚಿತ್ರವನ್ನೇ ಬ್ಲೂ-ರೇಯನ್ನು ಹೋಲುವ ಫೋಲ್ಡರ್ ವ್ಯವಸ್ಥೆಯಲ್ಲಿ ಬರೆಯಲಾಗುತ್ತದೆ. ಎವಿಸಿಎಚ್‌ಡಿ ಗುರುತಿರುವ ಬ್ಲೂ-ರೇ ಪ್ಲೇಯರುಗಳಲ್ಲಿ ಇದು ನಡೆಯುತ್ತದೆ, ಬರೀ ಡಿವಿಡಿ ಪ್ಲೇಯರಿನಲ್ಲಿ ನಡೆಯುವುದಿಲ್ಲ. ಇದರ ಮಿತಿಗಳು ಎರಡು. ಬಿಟ್‌ರೇಟ್ ಸೆಕೆಂಡಿಗೆ 18 ಮೆಗಾಬಿಟ್ ದಾಟಬಾರದು. ಕ್ಯಾಮೆರಾದಲ್ಲಿ 24 ಮೆಗಾಬಿಟ್‌ನ ಅತ್ಯುನ್ನತ ಗುಣಮಟ್ಟ ಆರಿಸಿದ್ದರೆ ಅದನ್ನು ಹಾಗೆಯೇ ಡಿವಿಡಿಗೆ ಹಾಕುವಂತಿಲ್ಲ. ಜಾಗವೂ ಕಡಿಮೆ: 17 ಮೆಗಾಬಿಟ್ ದರದಲ್ಲಿ 4.7 ಜಿಬಿಯ ಡಿಸ್ಕ್‌ನಲ್ಲಿ ಹಿಡಿಯುವುದು ಸುಮಾರು 35 ನಿಮಿಷ ಮಾತ್ರ. ನಾಮಕರಣಕ್ಕೆ, ಗೃಹಪ್ರವೇಶದ ಆಯ್ದ ಭಾಗಕ್ಕೆ ಇಷ್ಟು ಸಾಕು, ಯಕ್ಷಗಾನಕ್ಕೆ ಸಾಲದು.

ನಮ್ಮ ಮೂರು ಗಂಟೆಯ ಪ್ರಸಂಗಕ್ಕೆ ಬ್ಲೂ-ರೇ ಬೇಕೇ ಬೇಕು. ಲೆಕ್ಕ ಸುಲಭ: ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬುದನ್ನು ಒಟ್ಟು ಸೆಕೆಂಡುಗಳಿಂದ ಗುಣಿಸಿ 8ರಿಂದ ಭಾಗಿಸಿದರೆ ಮೆಗಾಬೈಟ್ ಸಿಗುತ್ತದೆ. 17 ಮೆಗಾಬಿಟ್ ದರದಲ್ಲಿ 10,800 ಸೆಕೆಂಡಿಗೆ ಸುಮಾರು 23 ಜಿಬಿ. ಕಡತದ ಕಟ್ಟುವಿಕೆಗೆಂದು ಶೇಕಡ 5ರಷ್ಟು ಸೇರಿಸಿದರೆ 24 ಜಿಬಿ ದಾಟುತ್ತದೆ. 25 ಜಿಬಿಯ ಬಿಡಿ-ಆರ್‌ನಲ್ಲಿ (ಒಮ್ಮೆ ಬರೆಯಬಹುದಾದ ಖಾಲಿ ಬ್ಲೂ-ರೇ ಡಿಸ್ಕ್‌ನಲ್ಲಿ) ಇದು ಹೇಗೋ ಕೂರುತ್ತದೆ. ಇದೇ ಪ್ರಸಂಗವನ್ನು 24 ಮೆಗಾಬಿಟ್‌ನಲ್ಲಿ ಚಿತ್ರೀಕರಿಸಿದ್ದರೆ 32 ಜಿಬಿಗೂ ಹೆಚ್ಚಾಗುವುದರಿಂದ 50 ಜಿಬಿಯ ಎರಡು ಪದರಗಳ ಡಿಸ್ಕ್ ಬೇಕು, ಅಥವಾ ಪ್ರಸಂಗವನ್ನು ಎರಡು ಡಿಸ್ಕ್‌ಗಳಿಗೆ ಹಂಚಬೇಕು. ಜಾಗ ಸಾಲದೆಂದು ಬಿಟ್‌ರೇಟ್ ಇಳಿಸಿ ಒಂದೇ ಡಿಸ್ಕ್‌ಗೆ ತುರುಕುವುದಕ್ಕಿಂತ ಎರಡು ಡಿಸ್ಕ್ ಮಾಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಅಂದಹಾಗೆ, 25 ಜಿಬಿಯ ಡಿಸ್ಕನ್ನು ವಿಂಡೋಸ್ 23.3 ಜಿಬಿ ಎಂದು ತೋರಿಸುತ್ತದೆ. ಇದು ಎಣಿಕೆಯ ವಿಧಾನದ ವ್ಯತ್ಯಾಸವೇ ಹೊರತು ಅಂಗಡಿಯವರ ಮೋಸವಲ್ಲ.

ನಾಲ್ಕನೇ ಹಂತ: ಎಡಿಟಿಂಗ್

ಗುಣಮಟ್ಟ ಉಳಿಯುವುದೂ ಅಳಿಯುವುದೂ ಇಲ್ಲಿಯೇ. ಎಚ್.264 ಚಿತ್ರದಲ್ಲಿ ಪ್ರತಿಯೊಂದು ಫ್ರೇಮ್ ಸ್ವತಂತ್ರವಾಗಿ ಇರುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಫ್ರೇಮ್ ಬರುತ್ತದೆ. ಅದನ್ನು ಕೀಫ್ರೇಮ್ ಎನ್ನುತ್ತಾರೆ. ನಡುವಿನ ಫ್ರೇಮ್‌ಗಳಲ್ಲಿ ಹಿಂದುಮುಂದಿನವುಗಳಿಗಿಂತ ಬದಲಾದ ಭಾಗ ಮಾತ್ರ ಇರುತ್ತದೆ. ನಡುವೆ ಎಲ್ಲಿಯಾದರೂ ಕತ್ತರಿಸಿದರೆ ಆ ಗುಂಪಿನ ಫ್ರೇಮ್‌ಗಳನ್ನು ಹೊಸದಾಗಿ ರಚಿಸದೆ ಗತ್ಯಂತರವಿಲ್ಲ. ಸಾಮಾನ್ಯ ಎಡಿಟಿಂಗ್ ತಂತ್ರಾಂಶ ಆ ಒಂದು ಗುಂಪಿಗಾಗಿ ಇಡೀ ಮೂರು ಗಂಟೆಯ ಚಿತ್ರವನ್ನೇ ಬಿಚ್ಚಿ ಮತ್ತೆ ಎನ್‌ಕೋಡ್ ಮಾಡುತ್ತದೆ. ಸ್ಮಾರ್ಟ್ ರೆಂಡರಿಂಗ್ ಸೌಲಭ್ಯವಿರುವ ತಂತ್ರಾಂಶಗಳಾದರೋ ಕತ್ತರಿ ಬಿದ್ದ ಜಾಗದ ಕೆಲವೇ ಫ್ರೇಮ್‌ಗಳನ್ನು ಎನ್‌ಕೋಡ್ ಮಾಡಿ ಉಳಿದದ್ದನ್ನು ಮೂಲದಿಂದ ನಕಲು ಮಾಡುತ್ತವೆ. ಪೆಗಾಸಿಸ್ ಸಂಸ್ಥೆಯ ಟಿಎಂಪಿಜಿಎಂಕ್ ಸ್ಮಾರ್ಟ್ ರೆಂಡರರ್ ಈ ಕೆಲಸಕ್ಕೆಂದೇ ಇರುವಂಥದ್ದು. ಸೈಬರ್‌ಲಿಂಕ್‌ನ ಪವರ್‌ಡೈರೆಕ್ಟರ್‌ನಲ್ಲಿ ಇದೇ ಸೌಲಭ್ಯ ಎಸ್‌ವಿಆರ್‌ಟಿ ಎಂಬ ಹೆಸರಿನಲ್ಲಿದೆ. ಉಚಿತವಾದ ಲಾಸ್‌ಲೆಸ್‌ಕಟ್ ಇನ್ನೂ ಸರಳ, ಆದರೆ ಅದು ಕೀಫ್ರೇಮ್‌ಗಳಲ್ಲಿ ಮಾತ್ರ ಕತ್ತರಿಸುವುದರಿಂದ ನೀವು ಬಯಸಿದ ಕ್ಷಣಕ್ಕಿಂತ ತುಸು ಹಿಂದೆಯೋ ಮುಂದೆಯೋ ತುಂಡಾಗುತ್ತದೆ.

ಸ್ಮಾರ್ಟ್ ರೆಂಡರಿಂಗ್ ಕೆಲಸ ಮಾಡಬೇಕಾದರೆ ಪ್ರಾಜೆಕ್ಟಿನ ಅಳತೆ, ಫ್ರೇಮ್ ದರ, ಫೀಲ್ಡ್ ಕ್ರಮ ಎಲ್ಲವೂ ಚೀಟಿಯಲ್ಲಿ ಬರೆದಿಟ್ಟ ಮೂಲದ ಲಕ್ಷಣಗಳಿಗೆ ಸರಿಹೊಂದಬೇಕು. ಒಂದು ಅಂಶ ಬೇರೆಯಾದರೂ ತಂತ್ರಾಂಶ ಸದ್ದಿಲ್ಲದೆ ಪೂರ್ಣ ಎನ್‌ಕೋಡಿಂಗ್‌ಗೆ ಇಳಿಯುತ್ತದೆ. ಇದನ್ನು ಪತ್ತೆಹಚ್ಚುವುದು ಕಷ್ಟವಲ್ಲ: ನಕಲಾಗುತ್ತಿದ್ದರೆ ಒಂದು ಗಂಟೆಯ ಚಿತ್ರ ಕೆಲವೇ ನಿಮಿಷಗಳಲ್ಲಿ ಹೊರಬರುತ್ತದೆ, ಫ್ಯಾನ್ ಜೋರಾಗಿ ತಿರುಗುತ್ತಾ ಗಂಟೆಗಟ್ಟಲೆ ಕಾಯಿಸಿದರೆ ಎಲ್ಲವೂ ಎನ್‌ಕೋಡ್ ಆಗುತ್ತಿದೆ ಎಂದರ್ಥ.

ದೃಶ್ಯದಿಂದ ದೃಶ್ಯಕ್ಕೆ ಕರಗುವ ಡಿಸಾಲ್ವ್, ಚಿತ್ರದ ಮೇಲೆ ಬರುವ ಹೆಸರು, ಬಣ್ಣದ ತಿದ್ದುಪಡಿ, ವೇಗದ ಬದಲಾವಣೆ ಇವೆಲ್ಲವೂ ಆಯಾ ಭಾಗವನ್ನು ಎನ್‌ಕೋಡಿಂಗ್‌ಗೆ ಒಡ್ಡುತ್ತವೆ. ಪಾತ್ರಧಾರಿಗಳ ಹೆಸರುಗಳನ್ನು ಚಲಿಸುವ ದೃಶ್ಯದ ಮೇಲೆ ಹಾಕುವ ಬದಲು ಆರಂಭದಲ್ಲಿ ಪ್ರತ್ಯೇಕ ಫಲಕವಾಗಿ ತೋರಿಸಿದರೆ ಮೂಲ ಚಿತ್ರ ಮುಟ್ಟದೆ ಉಳಿಯುತ್ತದೆ. ಬಣ್ಣ ತಿದ್ದಲೇಬೇಕಾದ ಭಾಗವನ್ನು ಮಾತ್ರ ತಿದ್ದಿ. ‘ಸ್ವಲ್ಪ ಕಾಂತಿ ಹೆಚ್ಚಿಸೋಣ’ ಎಂದು ಇಡೀ ಪ್ರಸಂಗಕ್ಕೆ ಫಿಲ್ಟರ್ ಹಾಕಿದರೆ, ಸಿಗುವ ಲಾಭಕ್ಕಿಂತ ಎನ್‌ಕೋಡಿಂಗ್‌ನ ನಷ್ಟವೇ ಹೆಚ್ಚು ಎಂದು ನಾನು ತಿಳಿಯುತ್ತೇನೆ.

ನಿಜಕ್ಕೂ ಹೆಚ್ಚಿನ ಎಡಿಟಿಂಗ್ ಬೇಕಿದ್ದರೆ, ಉದಾಹರಣೆಗೆ ಎರಡು ಕ್ಯಾಮೆರಾಗಳ ದೃಶ್ಯವನ್ನು ಹೆಣೆಯಬೇಕಿದ್ದರೆ, ಸ್ಮಾರ್ಟ್ ರೆಂಡರಿಂಗ್‌ನ ಆಸೆ ಬಿಟ್ಟು, ಎನ್‌ಕೋಡಿಂಗ್ ಕೊನೆಯಲ್ಲಿ ಒಮ್ಮೆ ಮಾತ್ರ ಆಗುವಂತೆ ನೋಡಿಕೊಳ್ಳಬೇಕು. ಒಂದು ತಂತ್ರಾಂಶದಲ್ಲಿ ಕತ್ತರಿಸಿ ಎಂಪಿ4 ಮಾಡಿ, ಇನ್ನೊಂದರಲ್ಲಿ ಹೆಸರು ಸೇರಿಸಿ ಮತ್ತೊಮ್ಮೆ ಎಂಪಿ4 ಮಾಡಿ, ಮೂರನೆಯದರಲ್ಲಿ ಡಿಸ್ಕ್‌ಗೆ ಸಿದ್ಧಪಡಿಸುವುದು ಜೆರಾಕ್ಸ್ ಪ್ರತಿಯಿಂದ ಜೆರಾಕ್ಸ್ ತೆಗೆಯುತ್ತಾ ಹೋದಂತೆ. ತಂತ್ರಾಂಶಗಳ ನಡುವೆ ಕಡತ ಸಾಗಿಸಲೇಬೇಕಾದರೆ ಪ್ರೋರೆಸ್, ಡಿಎನ್‌ಎಕ್ಸ್‌ಎಚ್‌ಡಿ ಅಥವಾ ಪೂರ್ತಿ ನಷ್ಟರಹಿತವಾದ ಯುಟಿ ವಿಡಿಯೋದಂಥ ಮಧ್ಯಂತರ ವಿಧಾನವನ್ನು ಬಳಸಬೇಕು. ಇವು ಜಾಗ ನುಂಗುತ್ತವೆ. ಪ್ರೋರೆಸ್ 422 ಸೆಕೆಂಡಿಗೆ ಸುಮಾರು 122 ಮೆಗಾಬಿಟ್‌ನಂತೆ ಗಂಟೆಗೆ 55 ಜಿಬಿ ಬೇಡುತ್ತದೆ. ಕೆಲಸ ಮುಗಿದ ಮೇಲೆ ಅಳಿಸಬಹುದಾದ ಕಡತವಾದ್ದರಿಂದ ಇದನ್ನು ಸಹಿಸಿಕೊಳ್ಳಬಹುದು.

ಐದನೇ ಹಂತ: ಎನ್‌ಕೋಡ್ ಮಾಡಲೇಬೇಕಾದಾಗ

ಎಕ್ಸ್‌ಪೋರ್ಟ್ ಪಟ್ಟಿಯಲ್ಲಿ ‘ಬ್ಲೂ-ರೇ ಎಚ್.264’ ಎಂಬ ಸಿದ್ಧ ಆಯ್ಕೆಯಿದ್ದರೆ ಅಲ್ಲಿಂದಲೇ ಆರಂಭಿಸುವುದು ಕ್ಷೇಮ. ಬ್ಲೂ-ರೇಯಲ್ಲಿ ಚಿತ್ರದ ಗರಿಷ್ಠ ದರ ಸೆಕೆಂಡಿಗೆ 40 ಮೆಗಾಬಿಟ್, ಎಚ್.264ರ ಲೆವೆಲ್ 4.1, ಕೀಫ್ರೇಮ್‌ಗಳ ನಡುವಿನ ಅಂತರ ಒಂದು ಸೆಕೆಂಡು. ಎಕ್ಸ್264 ಎಂಬ ಎನ್‌ಕೋಡಿಂಗ್ ತಂತ್ರಾಂಶ ಬಳಸುವವರು ಇವುಗಳ ಜೊತೆಗೆ ಬ್ಲೂ-ರೇ ಹೊಂದಾಣಿಕೆಯ ಆಯ್ಕೆಯನ್ನೂ ಪ್ರತಿ ಚಿತ್ರಕ್ಕೆ ನಾಲ್ಕು ಸ್ಲೈಸ್‌ಗಳನ್ನೂ (ಹೋಳುಗಳನ್ನೂ) ಸೂಚಿಸಬೇಕು. ಇಲ್ಲವಾದರೆ ಕಂಪ್ಯೂಟರಿನಲ್ಲಿ ಚೆನ್ನಾಗಿ ನಡೆಯುವ ಕಡತವನ್ನು ಪ್ಲೇಯರ್ ನಿರಾಕರಿಸುತ್ತದೆ.

ಸರಾಸರಿ ಬಿಟ್‌ರೇಟ್ ಎಷ್ಟಿರಬೇಕು? ಮೂಲ 17 ಇದ್ದುದರಿಂದ 17 ಸಾಕು ಎಂಬ ತರ್ಕ ಸರಿಯಲ್ಲ. ಎರಡನೇ ಎನ್‌ಕೋಡಿಂಗ್ ದೃಶ್ಯವನ್ನು ಮಾತ್ರವಲ್ಲ, ಮೊದಲ ಸಂಕೋಚನ ಬಿಟ್ಟುಹೋದ ಕಲೆಗಳನ್ನೂ ಕತ್ತಲಿನ ಕಾಳುಕಾಳನ್ನೂ ಚಿತ್ರವೆಂದೇ ಭಾವಿಸಿ ಹೊಸದಾಗಿ ವಿವರಿಸಬೇಕಾಗುತ್ತದೆ. ಹೀಗಾಗಿ ಡಿಸ್ಕ್‌ನಲ್ಲಿ ಜಾಗವಿದ್ದರೆ 25ರಿಂದ 30 ಮೆಗಾಬಿಟ್ ಕೊಟ್ಟು, ಎರಡು ಸುತ್ತಿನ ಬದಲಾಗುವ ಬಿಟ್‌ರೇಟ್ ಆರಿಸಬೇಕು. ಅದಕ್ಕಿಂತ ಹೆಚ್ಚು ಕೊಟ್ಟರೆ ಕಡತ ದಪ್ಪವಾಗುತ್ತದೆಯೇ ಹೊರತು ಇಲ್ಲದ ವಿವರ ಹುಟ್ಟುವುದಿಲ್ಲ.

ಫೀಲ್ಡ್‌ಗಳ ಕ್ರಮವನ್ನು ಮತ್ತೊಮ್ಮೆ ಪರೀಕ್ಷಿಸಿ. ಎಚ್‌ಡಿ ಇಂಟರ್‌ಲೇಸ್ ದೃಶ್ಯದಲ್ಲಿ ಮೇಲಿನ ಫೀಲ್ಡ್ ಮೊದಲು ಬರುತ್ತದೆ, ಹಳೆಯ ಡಿವಿ ಟೇಪಿನಲ್ಲಿ ಕೆಳಗಿನದು ಮೊದಲು. ಇದು ತಲೆಕೆಳಗಾದರೆ ಕುಳಿತು ಮಾತನಾಡುವ ಪಾತ್ರದಲ್ಲಿ ಏನೂ ತಿಳಿಯುವುದಿಲ್ಲ. ತೆಂಕುತಿಟ್ಟು ಯಕ್ಷಗಾನದ ದಿಗಿಣವೆಂಬ ಸುತ್ತುಜಿಗಿತದಲ್ಲಿ ಮಾತ್ರ ಕೈಕಾಲುಗಳು ಮುಂದೆ ಹೋಗಿ ಹಿಂದೆ ಬಂದು ನಡುಗುವಂತೆ ಕಾಣುತ್ತವೆ. ಕಂಪ್ಯೂಟರಿನ ಪರದೆಯಲ್ಲಿ ಬಾಚಣಿಗೆಯ ಹಲ್ಲಿನಂತಹ ಗೆರೆಗಳು ಕಂಡವೆಂದು ಡಿಇಂಟರ್‌ಲೇಸ್ ಫಿಲ್ಟರ್ ಹಾಕುವುದೂ ಬೇಡ. ಆ ಗೆರೆಗಳು ದೋಷವಲ್ಲ. ಟಿವಿ ಮತ್ತು ಪ್ಲೇಯರ್ ಅವುಗಳನ್ನು ತಾವೇ ಸರಿಪಡಿಸಿಕೊಳ್ಳುತ್ತವೆ. ಫಿಲ್ಟರ್ ಹಾಕಿ 25 ಫ್ರೇಮ್‌ಗಳಿಗೆ ಇಳಿಸಿದರೆ ಕುಣಿತದ ನಯವಾದ ಚಲನೆಯಲ್ಲಿ ಅರ್ಧ ಶಾಶ್ವತವಾಗಿ ಹೋಗುತ್ತದೆ.

ಧ್ವನಿಯನ್ನು ಮುಟ್ಟದಿದ್ದರೆ ಕ್ಯಾಮೆರಾದ ಡಾಲ್ಬಿ ಡಿಜಿಟಲನ್ನೇ ಉಳಿಸಿಕೊಳ್ಳಬಹುದು. ಚೆಂಡೆಯ ಅಬ್ಬರ ತಗ್ಗಿಸಿ ಹಾಡನ್ನು ಮೇಲೆತ್ತುವಂತಹ ಕೆಲಸ ಮಾಡಿದ್ದರೆ ಸಂಕುಚಿಸದ ಎಲ್‌ಪಿಸಿಎಂ ಆದರ್ಶ. ಆದರೆ 48 ಕಿಲೋಹರ್ಟ್ಸ್, 16 ಬಿಟ್ ಸ್ಟೀರಿಯೋ ಧ್ವನಿ ಸೆಕೆಂಡಿಗೆ 1.5 ಮೆಗಾಬಿಟ್ಟಿನಂತೆ ಮೂರು ಗಂಟೆಗೆ 2 ಜಿಬಿ ತೆಗೆದುಕೊಳ್ಳುತ್ತದೆ, ಮತ್ತು ನಮ್ಮ 24 ಜಿಬಿಯ ಲೆಕ್ಕ ಅಲ್ಲಿಗೆ ಮುರಿದುಬೀಳುತ್ತದೆ. ಇಂಥಲ್ಲಿ 384 ಅಥವಾ 448 ಕಿಲೋಬಿಟ್‌ನ ಡಾಲ್ಬಿ ಡಿಜಿಟಲ್ ಧಾರಾಳ ಸಾಕು.

ಆರನೇ ಹಂತ: ಡಿಸ್ಕ್‌ನ ರಚನೆ

ಕಡತವನ್ನು ಖಾಲಿ ಡಿಸ್ಕ್‌ಗೆ ಎಳೆದು ಹಾಕಿದರೆ ಅದು ಡೇಟಾ ಡಿಸ್ಕ್ ಆಗುತ್ತದೆ. ಕೆಲವು ಪ್ಲೇಯರ್‌ಗಳು ಓದುತ್ತವೆ, ಕೆಲವು ಓದುವುದಿಲ್ಲ. ಎಲ್ಲ ಬ್ಲೂ-ರೇ ಪ್ಲೇಯರುಗಳಲ್ಲಿ ನಡೆಯಬೇಕಾದರೆ ಬಿಡಿಎಂವಿ ಎಂಬ ಫೋಲ್ಡರ್ ವ್ಯವಸ್ಥೆ ಬೇಕು. ಉಚಿತವಾದ ಟಿಎಸ್‌ಮಕ್ಸರ್‌ನಲ್ಲಿ ಚಿತ್ರ ಮತ್ತು ಧ್ವನಿಯ ಕಡತಗಳನ್ನು ಸೇರಿಸಿ, ಹೊರಬರುವ ರೂಪವಾಗಿ ‘ಬ್ಲೂ-ರೇ’ ಅಥವಾ ‘ಎವಿಸಿಎಚ್‌ಡಿ’ ಎಂಬುದನ್ನು ಆರಿಸಿ, ಅಧ್ಯಾಯಗಳ ಅಂತರ ಸೂಚಿಸಿದರೆ ಆಯಿತು. ಇದಕ್ಕೆ ಎನ್‌ಕೋಡ್ ಮಾಡುವ ಶಕ್ತಿಯೇ ಇಲ್ಲದಿರುವುದು ನಮ್ಮ ದೃಷ್ಟಿಯಿಂದ ದೊಡ್ಡ ಗುಣ. ಮೆನು ಬೇಕೆನ್ನುವವರು ಟಿಎಂಪಿಜಿಎಂಕ್ ಆಥರಿಂಗ್ ವರ್ಕ್ಸ್‌ನಂಥ ತಂತ್ರಾಂಶ ಕೊಳ್ಳಬಹುದು, ಆದರೆ ಅದರಲ್ಲಿಯೂ ಸ್ಮಾರ್ಟ್ ರೆಂಡರಿಂಗ್ ಚಾಲೂ ಇದೆಯೇ ಎಂದು ಮೊದಲು ನೋಡಬೇಕು. ಪ್ರವೇಶ, ಯುದ್ಧ, ಮಂಗಳ ಎಂದು ಅಧ್ಯಾಯಗಳನ್ನು ಸರಿಯಾದ ಜಾಗದಲ್ಲಿ ಇಟ್ಟರೆ ಮೆನುವಿನ ಅಗತ್ಯವೇ ಬೀಳುವುದಿಲ್ಲ.

ಏಳನೇ ಹಂತ: ಬರ್ನ್ ಮಾಡುವುದು

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಡ್ರೈವ್ ಇಲ್ಲದಿರುವುದರಿಂದ ಯುಎಸ್‌ಬಿ ಬ್ಲೂ-ರೇ ರೈಟರ್ ಬೇಕಾಗುತ್ತದೆ. ಅದನ್ನು ಹಬ್‌ಗೆ ಸಿಕ್ಕಿಸದೆ ಕಂಪ್ಯೂಟರಿಗೆ ನೇರವಾಗಿ ಜೋಡಿಸಿ; ಬರೆಯುವಾಗ ವಿದ್ಯುತ್ ಸಾಲದೆ ಹೋದರೆ ಡಿಸ್ಕ್ ಹಾಳು. ವಿಂಡೋಸ್‌ನಲ್ಲಿ ಡಿಸ್ಕ್ ಬರೆಯಲು ಇಮ್ಗ್‌ಬರ್ನ್ ತಂತ್ರಾಂಶ ಈಗಲೂ ನಂಬಿಕೆಗೆ ಅರ್ಹ. 2013ರಲ್ಲಿ ಬಂದ ಆವೃತ್ತಿಯೇ ಸಾಕು, ಆದರೆ ಇನ್‌ಸ್ಟಾಲ್ ಮಾಡುವಾಗ ಬೇಡದ ತಂತ್ರಾಂಶಗಳಿಗೆ ಒಪ್ಪಿಗೆ ಕೊಡದಂತೆ ಪ್ರತಿ ಪುಟವನ್ನೂ ಓದಬೇಕು. ಬಿಡಿಎಂವಿ ಮತ್ತು ಸರ್ಟಿಫಿಕೇಟ್ ಫೋಲ್ಡರುಗಳನ್ನು ಬೇರೆ ಯಾವ ಫೋಲ್ಡರಿನೊಳಗೂ ಇಡದೆ ಡಿಸ್ಕ್‌ನ ಮೇಲ್ಮಟ್ಟದಲ್ಲಿಯೇ ಇಟ್ಟು, ಫೈಲ್ ಸಿಸ್ಟಮ್ ಯುಡಿಎಫ್ 2.50 ಎಂದು ಆರಿಸಿ. ಪ್ಲೇಯರ್ ‘ಗುರುತಿಸಲಾಗದ ಡಿಸ್ಕ್’ ಎಂದು ಹೇಳಿದಾಗ ಮೊದಲು ಸಂಶಯಿಸಬೇಕಾದದ್ದು ಈ ಎರಡನ್ನೇ.

ಬರೆಯುವ ವೇಗವನ್ನು 4ಎಕ್ಸ್‌ಗೆ ಇಟ್ಟರೆ ತುಂಬಿದ 25 ಜಿಬಿ ಡಿಸ್ಕ್‌ಗೆ ಸುಮಾರು 23 ನಿಮಿಷ ಹಿಡಿಯುತ್ತದೆ. ಬರೆದ ನಂತರ ಪರಿಶೀಲಿಸುವ ವೆರಿಫೈ ಆಯ್ಕೆಯನ್ನು ಎಂದೂ ತೆಗೆಯಬಾರದು. ಖಾಲಿ ಡಿಸ್ಕ್ ಕೊಳ್ಳುವಾಗ ಪೊಟ್ಟಣದ ಮೇಲೆ ಎಲ್‌ಟಿಎಚ್ ಎಂದು ಇದೆಯೇ ನೋಡಿ. ಅದರಲ್ಲಿ ಸಾವಯವ ಬಣ್ಣದ ಪದರವಿರುತ್ತದೆ. ಕಾಪಾಡಿಡಬೇಕಾದ ದೃಶ್ಯಕ್ಕೆ ನಿರವಯವ ಪದರದ ಎಚ್‌ಟಿಎಲ್ ಡಿಸ್ಕ್ ಮೇಲು. ಸೋನಿ ಸಂಸ್ಥೆ 2025ರ ಫೆಬ್ರುವರಿಯಲ್ಲಿ ಖಾಲಿ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆಯನ್ನು ನಿಲ್ಲಿಸಿದೆ. ಬೇರೆಯವರ ಡಿಸ್ಕ್‌ಗಳು ಸಿಗುತ್ತವೆಯಾದರೂ ಆಯ್ಕೆ ಕಡಿಮೆಯಾಗುತ್ತಿದೆ. ಹಾಗಾಗಿ ಸಿದ್ಧಪಡಿಸಿದ ಬಿಡಿಎಂವಿ ಫೋಲ್ಡರಿನ ಐಎಸ್‌ಒ ಪ್ರತಿಯೊಂದನ್ನು (ಇಡೀ ಡಿಸ್ಕ್ ಒಂದೇ ಕಡತವಾಗಿ) ಹಾರ್ಡ್ ಡಿಸ್ಕ್‌ನಲ್ಲಿ ಉಳಿಸಿಕೊಂಡರೆ ಮುಂದೆ ಯಾವಾಗ ಬೇಕಾದರೂ ಅದೇ ಗುಣಮಟ್ಟದ ಇನ್ನೊಂದು ಡಿಸ್ಕ್ ಮಾಡಬಹುದು.

ಮೊದಲ ಡಿಸ್ಕನ್ನು ಟಿವಿಯಲ್ಲಿ ಹಾಕಿ ಆರಂಭವನ್ನು ಮಾತ್ರವಲ್ಲದೆ ಕೊನೆಯ ಹತ್ತು ನಿಮಿಷವನ್ನೂ ನೋಡಿ. ಬರಹ ಒಳಗಿನಿಂದ ಹೊರಕ್ಕೆ ಸಾಗುವುದರಿಂದ ತೊಂದರೆ ಇದ್ದರೆ ಹೊರ ಅಂಚಿನಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ.

ಡಿವಿಡಿ ಪ್ಲೇಯರ್ ಮಾತ್ರ ಇರುವವರಿಗೆ, ವಿದೇಶದಲ್ಲಿರುವವರಿಗೆ

ಮನೆಯ ಹಿರಿಯರಲ್ಲಿ ಡಿವಿಡಿ ಪ್ಲೇಯರ್ ಮಾತ್ರ ಇದ್ದರೆ, ಎಡಿಟ್ ಆದ ಎಚ್‌ಡಿ ಕಡತದಿಂದಲೇ ಪ್ರತ್ಯೇಕವಾಗಿ ಡಿವಿಡಿ ಮಾಡಬೇಕು. ಇಂಟರ್‌ಲೇಸ್ ಚಿತ್ರವನ್ನು ನೇರವಾಗಿ ಕುಗ್ಗಿಸಿದರೆ ಎರಡು ಫೀಲ್ಡ್‌ಗಳು ಒಂದರೊಳಗೊಂದು ಬೆರೆತು ಗೋಜಲಾಗುತ್ತವೆ. ಮೊದಲು ಸೆಕೆಂಡಿಗೆ 50 ಪೂರ್ಣ ಫ್ರೇಮ್‌ಗಳಾಗಿ ಬಿಡಿಸಿ, ಆಮೇಲೆ 720×576ಕ್ಕೆ ಇಳಿಸಿ, ಮತ್ತೆ ಇಂಟರ್‌ಲೇಸ್ ಮಾಡುವುದು ಸರಿಯಾದ ಕ್ರಮ.

ಅಮೆರಿಕದಲ್ಲಿರುವ ಮಕ್ಕಳಿಗೆ ಕಳುಹಿಸುವ ಡಿಸ್ಕ್‌ನ ವಿಷಯ ಬೇರೆ. ಮನೆಯಲ್ಲಿ ಬರೆದ ಡಿಸ್ಕ್‌ಗೆ ಪ್ರಾದೇಶಿಕ ಕೋಡ್‌ನ ನಿರ್ಬಂಧವಿಲ್ಲ, ಆದರೆ ಅಲ್ಲಿನ ವ್ಯವಸ್ಥೆ ಸೆಕೆಂಡಿಗೆ 60 ಫೀಲ್ಡ್‌ಗಳದು. ಅಲ್ಲಿ ಮಾರಾಟವಾಗುವ ಹಲವು ಪ್ಲೇಯರ್ ಮತ್ತು ಟಿವಿಗಳು 50ರ ಚಿತ್ರವನ್ನು ತೋರಿಸುವುದಿಲ್ಲ. 50ನ್ನು 60ಕ್ಕೆ ಪರಿವರ್ತಿಸಿದರೆ ಇಲ್ಲದ ಚಿತ್ರಗಳನ್ನು ನಡುನಡುವೆ ಸೃಷ್ಟಿಸಬೇಕಾಗುವುದರಿಂದ ಚಲನೆ ಕುಲುಕುತ್ತದೆ, ಮತ್ತು ಇಷ್ಟು ಹೊತ್ತು ಕಾಪಾಡಿಕೊಂಡು ಬಂದ ಗುಣಮಟ್ಟಕ್ಕೆ ಅರ್ಥವಿಲ್ಲದಾಗುತ್ತದೆ. ಅವರಿಗೆ ಟಿಎಸ್‌ಮಕ್ಸರ್‌ನಿಂದ ಹೊರಬಂದ ಎಂ2ಟಿಎಸ್ ಕಡತವನ್ನೇ ಎಕ್ಸ್‌ಫ್ಯಾಟ್ ವ್ಯವಸ್ಥೆಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್ ಡ್ರೈವಿನಲ್ಲಿ ಕಳುಹಿಸಿ, ಕಂಪ್ಯೂಟರಿನಲ್ಲಿ ವಿಎಲ್‌ಸಿಯ ಮೂಲಕ ನೋಡಲು ಹೇಳುವುದು ಸೂಕ್ತ.